ಹತ್ತಕ್ಕೆ ನಾಲ್ಕು

ಹುಳು ನಾಲ್ಕನೇ ಜ್ವರದಿಂದ ಎದ್ದ ದಿನವೇ ಸ್ವಾಮಿಗೆ ಹೆಣ್ಣು ನೋಡಲು ಮಳವಳ್ಳಿ ಕಡೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಆ ಜ್ವರದ ನಿದ್ದೆ ಮುಗಿಸಿದ ರೇಷ್ಮೆಹುಳುವಿಗೆ ಹಸಿವು ಹೆಚ್ಚು, ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಬೇಕು. ಆದ್ದರಿಂದ ಮನೆಯಲ್ಲಿ ಒಬ್ಬರು ನಿಲ್ಲಲೇಬೇಕಾಯಿತು, ನಿಂತವಳು ಸ್ವಾಮಿಯ ತಂಗಿ ಚಂದನ. ನಾದಿನಿಯಾಗುವವಳೇ ಬಾರದಿದ್ದರೆ ಅವರು ಏನೆಂದುಕೊಂಡಾರು ಎಂದು ತಾಯಿ ಮಾಯಮ್ಮ ಗೊಣಗಿದಳು. ಹುಳು ಕೆಟ್ಟರೆ ಅವರು ಏನಂದುಕೊಂಡರೂ ಒಂದೇ ಎಂದು ಅಜ್ಜಿ ಸಣ್ಣತಾಯಮ್ಮ ಕಾರು ಹತ್ತಿದಳು. ಕಾರು ಪಕ್ಕದ ಮನೆ ಮಾದಯ್ಯನದು, ಸಂಬಂಧವನ್ನು ತಂದವನೂ ಅವನೇ.

ಮನೆ ಹನಕೆರೆಯಲ್ಲಿ, ರೈಲು ಹಳಿಗೆ ಹತ್ತಿರ. ಚಂದನ ಮಂಡ್ಯದಲ್ಲಿ ಭೌತಶಾಸ್ತ್ರ ಓದಿ, ಮದ್ದೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಮಧ್ಯಾಹ್ನದ ರೈಲಿಗೆ ಮನೆಗೆ ಬಂದು ಹುಳುವಿನ ಕೋಣೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತಿದ್ದಳು. ಹೊಸದಾಗಿ ಬಂದ ವಿಡಿಯೋ ಗೇಮುಗಳನ್ನು ಕೊನೆಯವರೆಗೂ ಆಡಿ, ಹೇಗಿದೆ ಎಂದು ಕನ್ನಡದಲ್ಲಿ ಹೇಳಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಯೂಟ್ಯೂಬಿಗೆ ಹಾಕುವುದು ಅವಳ ಇನ್ನೊಂದು ಕೆಲಸ. ಚಾನೆಲ್ಲಿನ ಹೆಸರು 'ಆಡಿ ನೋಡಿ'. ಅವಳ ಮುಖ ಅದರಲ್ಲಿ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ. ಹುಳು ದೊಡ್ಡದಾದ ವಾರಗಳಲ್ಲಿ ಆ ಧ್ವನಿಯ ಹಿಂದೆ ಸೊಪ್ಪು ಮೇಯುವ ಸರಸರ ಸದ್ದೂ ಕೇಳುತ್ತಿತ್ತು. ಅದೇನು ಮಳೆಯೇ ಎಂದು ನೋಡುವವರು ಕೇಳುತ್ತಿದ್ದರು.

ಅವಳಿಗೆ ಒಂದು ಪದ್ಧತಿಯಿತ್ತು. ಬೇರೆ ವಿಮರ್ಶಕರು ಏಳರಿಂದ ಒಂಬತ್ತರ ನಡುವೆಯೇ ಸುತ್ತುತ್ತಿದ್ದರು. ಏಳು ಎಂದರೆ ಸಪ್ಪೆ, ಎಂಟು ಎಂದರೆ ಪರವಾಗಿಲ್ಲ ಎಂದು ಓದುವವರೇ ತಿಳಿದುಕೊಳ್ಳಬೇಕಿತ್ತು. ಚಂದನ ಸೊನ್ನೆಯಿಂದ ಹತ್ತರವರೆಗಿನ ಇಡೀ ಅಳತೆಯನ್ನು ಬಳಸುತ್ತಿದ್ದಳು. ಐದು ಎಂದರೆ ಸಾಧಾರಣ. ಹೊರದೇಶದ ದೊಡ್ಡ ಕಂಪನಿಯೊಂದರ ಗೇಮಿಗೆ ಜಗತ್ತೆಲ್ಲ ಒಂಬತ್ತು ಕೊಟ್ಟಾಗ, ನಮ್ಮ ಕಡೆಯವರ ಹತ್ತಿರ ಇರುವ ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಅದು ತೆವಳುತ್ತದೆ ಎಂದು ಇವಳು ಐದು ಕೊಟ್ಟಿದ್ದಳು. ಅದಕ್ಕೇ ಅವಳ ಮಾತನ್ನು ನಂಬುವವರು ಒಂದಷ್ಟು ಜನ ಇದ್ದರು.

ಹೆಣ್ಣು ನೋಡಲು ಹೋದವರು ದೀಪ ಹಚ್ಚುವ ಹೊತ್ತಿಗೆ ನಗುನಗುತ್ತಾ ಬಂದರು. ಮಾಯಮ್ಮ ಮುದ್ದೆ ತೊಳಸಿ ಉಪ್ಸಾರು ಬಡಿಸಿದಳು. ಒಗ್ಗರಣೆಯ ಘಾಟು ಹುಳುವಿಗೆ ಆಗದಾದ್ದರಿಂದ ಮನೆಯಲ್ಲಿ ಎಷ್ಟೋ ದಿನಗಳಿಂದ ಬಾಣಲೆ ಒಲೆ ಏರಿರಲಿಲ್ಲ. ತಂದೆ ಶಿವರಾಜು ತುತ್ತಿನ ನಡುವೆ ಎಲ್ಲವನ್ನೂ ಹೇಳಿದ. ಹುಡುಗಿ ದೀಪಿಕ ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ಹುಳು ಸಾಕುವವನು ಎಂದು ಅವಳು ಮೂಗು ಮುರಿಯಲಿಲ್ಲ, ಹುಳುವಿಗೆ ಎಷ್ಟು ಸಲ ಸೊಪ್ಪು ಹಾಕುತ್ತೀರಿ ಎಂದು ಕೇಳಿದಳು. ಈ ಹಿಂದೆ ನೋಡಿದ ಇಬ್ಬರೂ ಆ ಮಾತನ್ನು ಕೇಳಿರಲಿಲ್ಲ. ಸ್ವಾಮಿ ತಲೆ ಎತ್ತದೆ ಊಟ ಮಾಡುತ್ತಿದ್ದ, ಆದರೆ ಎರಡನೇ ಮುದ್ದೆ ಹಾಕಿಸಿಕೊಂಡ.

"ತಮ್ಮ ಒಬ್ಬ ಅವ್ನೆ, ಸಿದ್ದರಾಮು ಅಂತ. ನಿನ್ ಕಸುಬ್ನೋನೇ ಕಣವ್ವ," ಎಂದ ಶಿವರಾಜು ಮಗಳಿಗೆ. "ಮೈಸೂರ್ನಾಗೆ ಇಬ್ರು ಸ್ನೇಹಿತ್ರು ಸೇರ್ಕಂಡು ಗೇಮು ಮಾಡವ್ನೆ. ಮೂರು ವರ್ಸ ಕೂತು ಮಾಡುದ್ನಂತೆ. ತೆಪ್ಪ ಅಂತ ಅದರೆಸ್ರು."

ಚಂದನಳ ಕೈ ತಟ್ಟೆಯಲ್ಲೇ ನಿಂತಿತು. ಮುತ್ತತ್ತಿಯ ಕಾವೇರಿಯಲ್ಲಿ ಯಾತ್ರಿಕರನ್ನು ಬುಟ್ಟಿಯಂಥ ದುಂಡಗಿನ ತೆಪ್ಪದಲ್ಲಿ ದಾಟಿಸುವ ಆ ಗೇಮಿನ ವಿಮರ್ಶೆಯನ್ನು ಅವಳು ಹಾಕಿ ಎರಡು ದಿನವಾಗಿತ್ತು. ಮಾಡಿದವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ನದಿಯ ಸದ್ದು, ಸಂಜೆಯ ಬೆಳಕು ಚೆನ್ನಾಗಿವೆ, ಆದರೆ ತೆಪ್ಪ ಆಟೋರಿಕ್ಷಾದ ಹಾಗೆ ಹೋಗುತ್ತದೆ, ಬ್ರೇಕು ಒಂದೇ ಕಮ್ಮಿ ಎಂದಿದ್ದಳು. ಆ ಮಾತಿಗೆ ನೋಡಿದವರು ಬಹಳ ನಕ್ಕಿದ್ದರು.

ಆಗಲೇ ಅಂಕ ಕೊಟ್ಟಾಗಿದೆ ಎಂದಳು.

"ಎಷ್ಟ್ ಕೊಟ್ಟೆ?"

"ನಾಕು."

"ಎಷ್ಟುಕ್ಕೆ?"

"ಹತ್ತುಕ್ಕೆ."

ಶಿವರಾಜು ಎಸ್ಸೆಸ್ಸೆಲ್ಸಿಯ ಗಣಿತವನ್ನು ಮೂರನೇ ಸಲಕ್ಕೆ ಮೂವತ್ತೈದು ಅಂಕ ತೆಗೆದು ದಾಟಿದವನು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ, ನೂರಕ್ಕೆ ನಲವತ್ತು, ಪಾಸಿಗಿಂತ ಐದು ಹೆಚ್ಚೇ ಬಂತು ಎಂದು ಸಮಾಧಾನಪಟ್ಟ. ಅಲ್ಲಿನ ಲೆಕ್ಕ ಹಾಗಲ್ಲ ಎಂದು ಚಂದನ ಹೇಳಲು ಹೊರಟಳು. ಅಷ್ಟರಲ್ಲಿ ಸ್ವಾಮಿ ಕೈತೊಳೆದು ಸೊಪ್ಪಿನ ಕುಕ್ಕೆ ಎತ್ತಿದ. ಅವಳೂ ಎದ್ದಳು.

ಬೆಳಿಗ್ಗೆ ಅವಳು ರೈಲಿನಲ್ಲಿದ್ದಾಗ ಶಿವರಾಜು ಹಿಪ್ಪುನೇರಳೆ ಸಾಲಿನ ನಡುವೆ ನಿಂತು, ಹುಡುಗಿಯ ತಂದೆ ಚಿಕ್ಕಬೋರಯ್ಯನಿಗೆ ಫೋನು ಮಾಡಿ, ಆಚೆ ಹೊಲದವರಿಗೂ ಕೇಳುವಂತೆ ಹೇಳಿದ:

"ಬೀಗ್ರೇ, 'ಆಡಿ ನೋಡಿ' ಅನ್ನೋಳು ಬೇರೆ ಯಾರೂ ಅಲ್ಲ, ನಮ್ ಚಂದನಾನೇ. ನಿಮ್ ಹುಡುಗುನ್ನ ಪಾಸ್ ಮಾಡವ್ಳೆ ಕಣಣ್ಣ."

ಆ ಕಡೆಯಿಂದ ಮಾತು ಬರಲಿಲ್ಲ. ಸಿಗ್ನಲ್ ಹೋಯಿತೆಂದುಕೊಂಡು ಶಿವರಾಜು ಫೋನು ಜೇಬಿಗೆ ಇಳಿಸಿದ.

ಆಮೇಲೆ ಅವನು ಮಾಡಿದ ಫೋನನ್ನು ಚಿಕ್ಕಬೋರಯ್ಯ ಎತ್ತಲಿಲ್ಲ. ಹುಳುಗಳು ಹಣ್ಣಾಗಿ ಗೂಡು ಕಟ್ಟುವ ಹದಕ್ಕೆ ಬಂದವು. ಮನೆಮಂದಿಯೆಲ್ಲ ಕೂತು ಅವುಗಳನ್ನು ಆಯ್ದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಾಗ ಮಾದಯ್ಯ ಬಂದು ಬಾಗಿಲಲ್ಲೇ ಕುಕ್ಕುರುಗಾಲಲ್ಲಿ ಕೂತ. ಸಿದ್ದರಾಮು ಮೈಸೂರಿನಿಂದ ಮನೆಗೆ ಬಂದುಬಿಟ್ಟಿದ್ದಾನೆ, ಸರಿಯಾಗಿ ಊಟ ಮಾಡುತ್ತಿಲ್ಲ ಎಂದ. ಬೇರೆಯವರು ಏಳು, ಎಂಟು ಕೊಟ್ಟಿದ್ದಾರೆ. ಕನ್ನಡದಲ್ಲಿ ಹೇಳಿದವಳು ಚಂದನ ಒಬ್ಬಳೇ, ಕೊಟ್ಟಿದ್ದು ನಾಲ್ಕು. ಕನ್ನಡದವರೇ ಅಲ್ಲವೇ ಅದನ್ನು ಕೊಳ್ಳಬೇಕಾದವರು? ಆಟೋರಿಕ್ಷಾ ಎಂದು ಹುಡುಗನ ಸ್ನೇಹಿತರೇ ಅವನನ್ನು ರೇಗಿಸುತ್ತಿದ್ದಾರೆ.

"ಎಂಟು ಮಾಡ್ಲಿ, ಆಮೇಲ್ ಮನೆ ನೋಡಕ್ ಬತ್ತೀವಿ ಅಂದ್ರು ಚಿಕ್ಬೋರಣ್ಣ. ಇಲ್ದಿದ್ರೆ ನಮ್ ಉಡ್ಗುನ್ನ ನಗೆಪಾಟ್ಲು ಮಾಡಿದ್ ಮನೆಗೆ ಎಣ್ ಕೊಡಲ್ಲ ಅಂದ್ರು."

ಮಾದಯ್ಯ ಹೋದಮೇಲೆ ಶಿವರಾಜು ಮಗಳ ಕಡೆ ತಿರುಗಿದ. ನಲವತ್ತು ಪಾಸಲ್ಲವೇ ಎಂದು ಕೇಳಿದ. ಅವಳು ಈಗ ವಿವರಿಸಿದಳು. ಅಲ್ಲಿ ಬೇರೆಯವರು ಏಳಕ್ಕಿಂತ ಕೆಳಗೆ ಇಳಿಯುವುದಿಲ್ಲ, ನಾಲ್ಕು ಎಂದರೆ ಜನರ ಪಾಲಿಗೆ ಮುಗಿದಂತೆ. ಇದನ್ನು ಅವತ್ತೇ ಹೇಳುವುದಕ್ಕೆ ಏನಾಗಿತ್ತು ಎಂದು ಅವನು ರೇಗಿದ. ಫೋನು ಮಾಡುವ ಮೊದಲು ಕೇಳುವುದಕ್ಕೆ ಏನಾಗಿತ್ತು ಎಂದು ಅವಳೂ ರೇಗಿದಳು. ಮಾಯಮ್ಮ ಎರಡು ಕಡೆಗೂ ಸೇರದೆ ಒಳಗೆ ಹೋದಳು. ಅವತ್ತಿನಿಂದ ಮಗಳ ತಟ್ಟೆಯನ್ನು ಮುಂದಿಡುವಾಗ ಸದ್ದಾಗುವಂತೆ ಇಡತೊಡಗಿದಳು. ಬಡಿಸುವಾಗ ಸಾಕೇ ಎಂದು ಕೇಳುವುದನ್ನು ನಿಲ್ಲಿಸಿದಳು.

ಅಜ್ಜಿ ಮಾತ್ರ ಏನೂ ಅನ್ನಲಿಲ್ಲ. ಸಣ್ಣತಾಯಮ್ಮನ ತವರು ಮುತ್ತತ್ತಿಗೆ ಹತ್ತಿರದ ಹಳ್ಳಿ. ಚಂದನ ಆಡುವಾಗ ಪಕ್ಕದಲ್ಲಿ ಕೂತು ಎಲೆ ಮೆಲ್ಲುತ್ತಾ, ತೆಪ್ಪ ಎಲ್ಲಾದರೂ ಹೀಗೆ ಹೋಗುತ್ತದೆಯೇ, ಆಟೋ ಹೋದಹಾಗೆ ಎಂದು ಮೊದಲು ಹೇಳಿದವಳು ಅವಳೇ. ಆ ಮಾತು ಎಲ್ಲಿಂದ ಬಂತೆಂದು ಯಾರಾದರೂ ಕೇಳಿಯಾರೆಂದು ಅವಳು ಎಲೆಯಡಿಕೆ ಚೀಲವನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಳು.

ಗೂಡು ಬಿಡಿಸುವ ದಿನ ಅಣ್ಣ ತಂಗಿ ಇಬ್ಬರೇ ಚಂದ್ರಿಕೆಯ ಮುಂದೆ ಕೂತಿದ್ದರು. ಸ್ವಾಮಿ ಅಷ್ಟು ದಿನವೂ ಈ ವಿಷಯ ಎತ್ತಿರಲಿಲ್ಲ. ಬೆರಳಿನಿಂದ ಗೂಡು ಕೀಳುತ್ತಲೇ ಹೇಳಿದ:

"ಒಂದ್ ನಂಬರ್ ಕಣಮ್ಮಿ. ಅಳ್ಸಿ ಎಂಟು ಅಂತ ಆಕುದ್ರೆ ಯಾರ್ ಗಂಟು ಓಯ್ತದೆ?"

"ನನ್ ಮಾತ್ ನಂಬ್ಕಂಡು ದುಡ್ ಕೊಟ್ಟು ತಗೊಳೋರ್ದು ಓಯ್ತದೆ."

"ನಂಗೆ ಮೂವತ್ಮೂರು. ಅದೂ ಒಂದ್ ನಂಬರ್ರೇ."

ಚಂದನ ಇನ್ನೊಂದು ಗೂಡು ಕಿತ್ತು ಬುಟ್ಟಿಗೆ ಹಾಕಿದಳು. ಸ್ವಾಮಿ ತೆಳ್ಳನೆಯ ಜೊಳ್ಳುಗೂಡುಗಳನ್ನು ಅಭ್ಯಾಸದಂತೆ ಬೇರೆ ಮಾಡುತ್ತಿದ್ದ.

"ಜೊಳ್ಳ ಯಾಕ್ ಬ್ಯಾರೆ ಆಕ್ತೀಯ? ತಳಕ್ಕಾಕಿ ಮ್ಯಾಲೆ ಒಳ್ಳೇವ ಸುರಿ," ಎಂದಳು.

"ಕೈ ಬುಟ್ಟು ನೋಡ್ತಾರೆ ಮಾರ್ಕೆಟ್ನಾಗೆ."

"ನನ್ ನಂಬರ್ನೂ ಅಂಗೇ ನೋಡ್ತಾರೆ."

ಸ್ವಾಮಿ ಎದ್ದು ಹೋದ. ಅವನ ಟೀ ಲೋಟದಲ್ಲೇ ಆರಿತು. ಆದರೆ ಸಂಜೆ ಮಾರುಕಟ್ಟೆಗೆ ಹೊರಟ ಮೂಟೆಯಲ್ಲಿ ಜೊಳ್ಳು ಇರಲಿಲ್ಲ.

ಚಂದನ ಆ ಶನಿವಾರ ಗೇಮನ್ನು ಮೊದಲಿನಿಂದ ಮತ್ತೆ ಆಡಿದಳು. ಐದಾದರೂ ಆಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೇ ಆಡಿದಳು. ನಾಲ್ಕೇ ಆಯಿತು. ತಾನು ಯಾರೆಂದು ಹೇಳಿ ಸಿದ್ದರಾಮುಗೆ ಬರೆದಳು: ಅಂಕ ಬದಲಾಯಿಸುವುದಿಲ್ಲ, ಆದರೆ ಗೇಮು ಬದಲಾದರೆ ಮತ್ತೆ ಆಡುತ್ತೇನೆ. ನಿಮಗೆ ತೆಪ್ಪದ ಬಗ್ಗೆ ಏನು ಗೊತ್ತು ಮೇಡಮ್ ಎಂದು ಉತ್ತರ ಬಂತು. ಗೊತ್ತಿಲ್ಲ, ದುಂಡಗಿನ ವಸ್ತು ನೀರಿನಲ್ಲಿ ತಿರುಗುತ್ತದೆ ಎಂಬುದು ಗೊತ್ತು, ನಿಮಗೆ ಏನು ಗೊತ್ತು ಎಂದು ಇವಳು ಕೇಳಿದಳು. ಮಾರನೆಯ ದಿನ ಅವನ ಬದಲಿಗೆ ದೀಪಿಕ ಫೋನು ಮಾಡಿದಳು.

ದೀಪಿಕಳ ಮಾತು ನೇರವಾಗಿತ್ತು. ಜಗಳಕ್ಕಲ್ಲ, ಒಂದು ಮಾತು ಹೇಳುವುದಕ್ಕೆ ಫೋನು ಮಾಡಿದ್ದೇನೆ ಎಂದಳು.

"ದಿನಾ ಬೆಳಿಗ್ಗೆ ಇದೇ ಗಲಾಟೆ ನಂಗೆ. ಆಲ್ನಾಗೆ ಫ್ಯಾಟು ಕಮ್ಮಿ ಬಂದ್ರೆ ತಂದೋರು ಮಿಸೀನ್ಗೂ ಬಯ್ತಾರೆ, ನಂಗೂ ಬಯ್ತಾರೆ. ನಾನೂ ನಂಬರ್ ತಿದ್ದಲ್ಲ. ಆದ್ರೆ ಅಸುಗೆ ಏನ್ ತಿನ್ಸ್ಬೇಕು ಅಂತ ಏಳಿ ಕಳುಸ್ತೀನಿ. ನೀವು ಆಟೋ ಅಂತ ನಗ್ಸುದ್ರಿ. ಏನ್ ತಿನ್ಸ್ಬೇಕು ಅಂತ ಏಳ್ನಿಲ್ಲ."

ಚಂದನ ಆ ವಿಡಿಯೋವನ್ನು ಮತ್ತೊಮ್ಮೆ ನೋಡಿದಳು. ಆಟೋರಿಕ್ಷಾದ ಮಾತು ನಾಲ್ಕು ಸಲ ಬಂದಿತ್ತು. ತೆಪ್ಪ ಹೇಗೆ ಚಲಿಸಬೇಕಿತ್ತು ಎಂಬುದು ಒಂದು ಸಲವೂ ಬಂದಿರಲಿಲ್ಲ. ದೀಪಿಕಳಿಗೆ ಮತ್ತೆ ಫೋನು ಮಾಡಿ, ನಿಮ್ಮ ತಮ್ಮ ಎಂದಾದರೂ ತೆಪ್ಪ ಹತ್ತಿದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದಳು ದೀಪಿಕ. ಮುತ್ತತ್ತಿಗೆ ವರ್ಷಕ್ಕೊಮ್ಮೆ ಆಂಜನೇಯನ ಪೂಜೆಗೆ ಹೋಗುತ್ತೇವೆ, ಆದರೆ ಆ ಹೊಳೆ ವರ್ಷಕ್ಕೆ ಇಷ್ಟು ಎಂದು ಜನರನ್ನು ನುಂಗುತ್ತದೆಂದು ಅವ್ವ ನಮ್ಮನ್ನು ಮೆಟ್ಟಿಲು ಇಳಿಯಲೂ ಬಿಡುವುದಿಲ್ಲ. ಮೂರು ವರ್ಷವೂ ಅವನು ವಿಡಿಯೋಗಳನ್ನು ನೋಡಿಯೇ ನದಿ ಮಾಡಿದ್ದು.

ಮುಂದಿನ ಭಾನುವಾರ ಮುತ್ತತ್ತಿಯಲ್ಲಿ ಸೇರುವುದೆಂದಾಯಿತು. ಮಾಯಮ್ಮನಿಗೆ ದೇವಸ್ಥಾನಕ್ಕೆ ಎಂದು ಹೇಳಿ ಸ್ವಾಮಿ ಸ್ಕೂಟರ್ ತೆಗೆದ. ಅವನು ಯಾಕೆ ಬರಬೇಕೆಂದು ಚಂದನ ಕೇಳಲಿಲ್ಲ. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ.

ಸಿದ್ದರಾಮು ಗಡ್ಡ ಬಿಟ್ಟ, ತೆಳ್ಳನೆಯ ಹುಡುಗ. ಚಂದನಳನ್ನು ಮೇಡಮ್ ಎಂದೇ ಕರೆದ, ಆ ಮಾತನ್ನು ಒತ್ತಿ ಕರೆದ. ಹೊಳೆಯಲ್ಲಿ ನೀರು ಇಳಿದಿತ್ತು. ತೆಪ್ಪದವನು ದಡದಂಚಿನಲ್ಲೇ, ಮೊಣಕಾಲುದ್ದದ ನೀರಿನಲ್ಲಿ ಆಡಿಸುವುದಾದರೆ ಸರಿ ಎಂದು ಒಪ್ಪಿದ. ಸಿದ್ದರಾಮು ಹುಟ್ಟನ್ನು ಇಸಿದುಕೊಂಡು ತನ್ನ ಗೇಮಿನಲ್ಲಿ ಮಾಡುವ ಹಾಗೆ ಬಲಗಡೆಗೆ ಹಾಕಿ ಜೋರಾಗಿ ಎಳೆದ. ತೆಪ್ಪ ಮುಂದೆ ಹೋಗಲಿಲ್ಲ. ನಿಂತಲ್ಲೇ ಒಂದು ಸುತ್ತು ಸುತ್ತಿತು. ಎಡಗಡೆ ಎಳೆದ. ಆ ಕಡೆಯಿಂದ ಸುತ್ತಿತು. ಎದುರಿಗೆ ಕೂತಿದ್ದ ಚಂದನಳ ಮುಖ, ದಡದ ಮೇಲಿದ್ದ ಸ್ವಾಮಿ ಮತ್ತು ದೀಪಿಕ, ಮರಗಳು ಎಲ್ಲವೂ ಅವನ ಸುತ್ತ ತಿರುಗಿದವು.

"ಮುಂದುಕ್ ಆಕಿ ನಿನ್ ಕಡೀಕ್ ಎಳ್ಕೊ," ಎಂದ ತೆಪ್ಪದವನು. "ಇದ್ಕೆ ಮುಂದು ಇಂದು ಇಲ್ಲ ಕಣಪ್ಪ. ನೀನ್ ಎತ್ತ ನೋಡ್ತೀಯೋ ಅದೇ ಮುಂದು."

ತಳ ದುಂಡಗೆ, ಚಪ್ಪಟೆ. ದೋಣಿಗಿರುವ ಹಾಗೆ ನೀರನ್ನು ಸೀಳುವ ಮೂಗಿಲ್ಲ, ನೇರ ಹಿಡಿದಿಡುವ ಬೆನ್ನಿಲ್ಲ. ಅದಕ್ಕೇ ತಿರುಗುತ್ತದೆ ಎಂದು ಚಂದನ ಅಂಗೈ ಬಟ್ಟಲು ಮಾಡಿ ತೋರಿಸಿದಳು. ಬಂಡೆಯ ಹಿಂದೆ ನೀರು ವಾಪಸು ಹರಿಯುವುದನ್ನು ಒಂದು ಒಣಎಲೆ ಬಿಟ್ಟು ತೋರಿಸಿದಳು. ಸಿದ್ದರಾಮು ಮತ್ತೆ ಮತ್ತೆ ಹುಟ್ಟು ಹಾಕಿದ. ಅಂಗಿಯೆಲ್ಲ ನೆನೆದ ಮೇಲೆ ತೆಪ್ಪ ಒಂದಿಷ್ಟು ದೂರ, ಸೊಟ್ಟಸೊಟ್ಟಗೆ, ಅವನು ಹೇಳಿದ ಕಡೆಗೆ ಹೋಯಿತು.

"ಇದು ಆಡಕ್ಕೂ ಚೆನ್ನಾಗಿರ್ತದೆ ಮೇಡಮ್," ಎಂದ. ಈ ಸಲ ಆ ಮಾತನ್ನು ಒತ್ತಲಿಲ್ಲ.

ಬರುವಾಗ ಸ್ವಾಮಿ ಸ್ಕೂಟರನ್ನು ಬಹಳ ನಿಧಾನವಾಗಿ ಓಡಿಸಿದ. ದೀಪಿಕ ಏನು ಮಾತಾಡಿದಳೆಂದು ಚಂದನ ಕೇಳಿದಳು. ಹುಳುವಿನ ಹಿಕ್ಕೆಯನ್ನು ಹಸು ತಿನ್ನುತ್ತದೆಯೇ ಎಂದು ಕೇಳಿದಳಂತೆ. ಮತ್ತೇನು ಕೇಳಿದಳು ಎಂಬುದನ್ನು ಅವನು ಹೇಳಲಿಲ್ಲ.

ಅದಾದಮೇಲೆ ವಾರಕ್ಕೊಂದು ಸಲ ತಿದ್ದಿದ ಗೇಮು ಬರುತ್ತಿತ್ತು. ಚಂದನ ಆಡಿ, ಇಲ್ಲಿ ಹೀಗೆ, ಅಲ್ಲಿ ಹಾಗೆ ಎಂದು ಹೇಳಿ ಕಳಿಸುತ್ತಿದ್ದಳು. ಅಜ್ಜಿ ಈಗ ಬಹಿರಂಗವಾಗಿಯೇ ಪಕ್ಕದಲ್ಲಿ ಕೂರತೊಡಗಿದಳು. ಆಟೋ ಎಂದವಳು ನಾನೇ ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಒಪ್ಪಿಕೊಂಡಳು. ಮಾಯಮ್ಮ ಸಾರಿನ ಸೌಟು ಹಿಡಿದು ಅತ್ತೆಯನ್ನೇ ನೋಡುತ್ತಾ ನಿಂತು, ಆಮೇಲೆ ಮಗಳ ತಟ್ಟೆಗೆ ಬಡಿಸಿ, ಸಾಕೇ ಎಂದು ಕೇಳಿದಳು. ಕೊನೆಗೆ ಮಗನೇ ಹಿಡಿದ ಹಠಕ್ಕೆ ಚಿಕ್ಕಬೋರಯ್ಯ ಒಪ್ಪಿ, ಮನೆ ನೋಡುವುದಕ್ಕೆ ಬರುತ್ತೇವೆಂದು ಮಾದಯ್ಯನ ಹತ್ತಿರ ಹೇಳಿಕಳಿಸಿದ. ಹುಡುಗಿಯೂ ಬರುತ್ತಾಳಂತೆ. ತಮ್ಮ ಕಾಲದಲ್ಲಿ ಹುಡುಗಿ ಧಾರೆ ಎರೆಸಿಕೊಂಡ ಮೇಲೇ ಗಂಡನ ಮನೆ ನೋಡುತ್ತಿದ್ದದ್ದು ಎಂದು ಅಜ್ಜಿ ಅಂದುಕೊಂಡಳು.

ಹುಳು ಇಲ್ಲದ ವಾರ. ಮಾಯಮ್ಮ ಮೂರು ಬಗೆಯ ಒಗ್ಗರಣೆ ಹಾಕಿ, ಒಬ್ಬಟ್ಟು ತಟ್ಟಿದಳು. ಸ್ವಾಮಿ ಗೋಡೆಗೆ ಸುಣ್ಣ ಬಳಿದ. ಶಿವರಾಜುವಿಗೆ ಒಂದು ಚಿಂತೆ ಹತ್ತಿತು. ಬರುವವಳು ಡೇರಿಯವಳು, ಇಲ್ಲಿ ನೋಡಿದರೆ ಕೊಟ್ಟಿಗೆ ಬರಿದು. ಹುಳುವಿನ ಕೆಲಸದಲ್ಲಿ ಕೈ ಸಾಲದೆ ಹಸುಗಳನ್ನು ಮಾರಿ ಬಹಳ ಕಾಲವಾಗಿತ್ತು. ಅವರು ಬರುವ ದಿನ ಬೆಳಿಗ್ಗೆ ಮಾದಯ್ಯನ ಎರಡು ಹಸುಗಳು ಇವರ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡಿದ್ದವು. ಇದು ಬೇಡ ಎಂದಳು ಚಂದನ.

"ನಿನ್ ನಂಬರ್ ನಿಂದು. ನನ್ ಕೊಟ್ಗೆ ನಂದು," ಎಂದ ಶಿವರಾಜು.

ಬಂದವರು ಮೊದಲು ಕೊಟ್ಟಿಗೆಗೇ ಹೋದರು. ಹಸುಗಳು ಗೋಡೆಯಾಚೆಗೆ, ಮಾದಯ್ಯನ ಮನೆಯ ಕಡೆಗೆ ಕತ್ತು ಚಾಚಿ ಅಂಬಾ ಎನ್ನುತ್ತಿದ್ದವು. ದೀಪಿಕ ಒಂದರ ಬೆನ್ನು ಸವರಿ, ಮೇವಿಲ್ಲದ ಮೂಲೆಯನ್ನು ನೋಡಿ, ಫ್ಯಾಟು ಎಷ್ಟು ಬರುತ್ತದೆ ಮಾವ ಎಂದು ಕೇಳಿದಳು. ಶಿವರಾಜು ಮಾದಯ್ಯನ ಮುಖ ನೋಡಿದ. ಮಾದಯ್ಯ ಆಕಾಶ ನೋಡಿದ. ಈ ಸಲ ಕಡಿಮೆ ಹೇಳಿ ಕೆಡಬಾರದೆಂದು ಶಿವರಾಜು ನಿರ್ಧರಿಸಿದ.

"ಹತ್ತು ಕಣವ್ವ. ಹತ್ತುಕ್ಕೆ ಹತ್ತು."

ದೀಪಿಕ ಸೆರಗು ಬಾಯಿಗೆ ಹಿಡಿದು ತಲೆಯಾಡಿಸಿದಳು. ಹಸುವಿನ ಹಾಲಿನಲ್ಲಿ ಅದು ನೂರಕ್ಕೆ ನಾಲ್ಕು ಬಂದರೆ ಡೇರಿಯಲ್ಲಿ ಹೊಗಳುತ್ತಾರೆ.

ಊಟವಾಯಿತು. ಒಬ್ಬಟ್ಟು ಎಲ್ಲರಿಗೂ ಹಿಡಿಸಿತು. ಎಲೆ ಅಡಿಕೆ ಬಂದಾಗ ಚಿಕ್ಕಬೋರಯ್ಯ ಚಂದನಳ ಕಡೆ ನೋಡಿ, ಈಗ ಎಷ್ಟಾಯಿತಮ್ಮ ಎಂದು ಕೇಳಿದ. ಯಾವುದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಸ್ವಾಮಿಯ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು.

ಹೊಸ ವಿಡಿಯೋ ಬೆಳಿಗ್ಗೆ ಹಾಕಿದ್ದೇನೆ ಎಂದಳು ಚಂದನ. ಮಾಡಿದವರೂ ನಾವೂ ಸಂಬಂಧ ಬೆಳೆಸಬೇಕೆಂದಿದ್ದೇವೆ, ಸರಿಮಾಡುವುದಕ್ಕೆ ನಾನೂ ಕೈ ಹಾಕಿದ್ದೇನೆ, ನನ್ನ ಮಾತಿನಲ್ಲಿ ಸ್ವಲ್ಪ ಕಳೆದೇ ಲೆಕ್ಕ ಹಿಡಿಯಿರಿ ಎಂದು ಮೊದಲೇ ಹೇಳಿದ್ದೇನೆ. ಹಳೆಯ ನಾಲ್ಕು ಹಾಗೇ ಇದೆ. ಹೊಸದಕ್ಕೆ ಬೇರೆ.

"ಎಷ್ಟು?"

"ಆರು."

ಚಿಕ್ಕಬೋರಯ್ಯನ ಮುಖ ಬಿಗಿಯಿತು. ಎಂಟು ಕೇಳಿದ್ದ ಮನುಷ್ಯ. ಸಿದ್ದರಾಮು ಏನೋ ಹೇಳಲು ಬಾಯಿ ತೆರೆದ. ಅದಕ್ಕೆ ಮೊದಲೇ ಶಿವರಾಜು ತೊಡೆ ತಟ್ಟಿಕೊಂಡು ಎದ್ದ.

"ಬೀಗ್ರೇ, ಆರು ಅಂದ್ರೆ ಅರವತ್ತು. ಅರವತ್ತು ಅಂದ್ರೆ ಫಸ್ಟ್ ಕ್ಲಾಸು. ನಮ್ ವಂಸದಾಗೆ ಇವ್ಳೊಬ್ಳ್ ಬುಟ್ರೆ ಯಾರೂ ಫಸ್ಟ್ ಕ್ಲಾಸ್ ತಗ್ದಿಲ್ಲ. ನಿಮ್ ಹುಡ್ಗ ತಗ್ದವ್ನೆ."

"ಇವ್ಳು ಆರ್ ಕೊಡೋದು ಅಂದ್ರೆ ತಮಾಸೆ ಅಲ್ಲ ಅಪ್ಪ," ಎಂದ ಸಿದ್ದರಾಮು. ಮೇಡಮ್ ಎನ್ನುವುದನ್ನು ಮರೆತಿದ್ದ. "ಮೊನ್ನೆ ಅಷ್ಟ್ ದೊಡ್ ಕಂಪ್ನಿಗೇ ಐದ್ ಕೊಟ್ಟವ್ಳೆ. ಬೆಳಿಗ್ಗಿಂದ ಎಷ್ಟೋ ಜನ ಗೇಮು ತಗಂಡವ್ರೆ."

ಚಿಕ್ಕಬೋರಯ್ಯ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಮೆದ್ದ. ಮೆದ್ದು ಮುಗಿಸುವವರೆಗೂ ಯಾರೂ ಅಲ್ಲಾಡಲಿಲ್ಲ. ಫಸ್ಟ್ ಕ್ಲಾಸು ಎಂದು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡ. ಮಾಯಮ್ಮ ಅವನ ಎಲೆಗೆ ಇನ್ನೊಂದಿಷ್ಟು ಸುಣ್ಣ ಸರಿಸಿದಳು.

ಸಣ್ಣತಾಯಮ್ಮ ಗೋಡೆಗೆ ಒರಗಿದ್ದಲ್ಲಿಂದಲೇ ದೀಪಿಕಳನ್ನು ಕರೆದಳು.

"ಎಲ್ಲಾರ್ಗೂ ನಂಬರ್ ಆಯ್ತು. ನಮ್ಮನೆಗ್ ಎಷ್ಟ್ ಕೊಟ್ಟೀಯೆ ಮಗ? ನೋಡಕ್ ತಾನೆ ಬಂದಿರೋದು."

ದೀಪಿಕ ಒಮ್ಮೆ ತಂದೆಯ ಕಡೆ ನೋಡಿದಳು, ಒಮ್ಮೆ ಸ್ವಾಮಿಯ ಕಡೆ.

"ಮೊದ್ಲು ಮಾದಯ್ಯಣ್ಣನ ಅಸುಗೋಳ್ನ ಮನೆಗ್ ಕಳ್ಸಿ ಅಜ್ಜಿ. ಪಾಪ, ಆಗ್ಲಿಂದ ಕೂಗ್ತಾವೆ. ಆಮೇಲ್ ಕೇಳಿ."

ಶಿವರಾಜು ಹೆಗಲ ಟವೆಲನ್ನು ತೆಗೆದು ಮುಖ ಒರೆಸಿಕೊಂಡ. ಒರೆಸಿ ಮುಗಿದ ಮೇಲೂ ಟವೆಲ್ಲು ಮುಖದ ಮೇಲೇ ಇತ್ತು. ಮೊದಲು ನಕ್ಕವನು ಚಿಕ್ಕಬೋರಯ್ಯ. ಮಾದಯ್ಯ ಎದ್ದು ಹಗ್ಗ ಬಿಚ್ಚಿದ. ಹಸುಗಳನ್ನು ಹೊಡೆಯಬೇಕಾಗಲಿಲ್ಲ, ಅವು ತಾವೇ ಗೋಡೆ ಬಳಸಿ ಒಂದರ ಹಿಂದೆ ಒಂದು ತಮ್ಮ ಮನೆಗೆ ನಡೆದವು.

ಕೊಟ್ಟಿಗೆ ಬರಿದಾಯಿತು. ಅದರ ಹಿಂದೆ ತೊಳೆದು ಒಣಗಿಸಿದ ಚಂದ್ರಿಕೆಗಳು, ಮುಂದಿನ ಬೆಳೆಗೆ ಕಾದ ಹುಳುವಿನ ಮನೆ, ಅದರಾಚೆ ಹಿಪ್ಪುನೇರಳೆಯ ಸಾಲುಗಳು ಕಂಡವು. ದೀಪಿಕ ಅತ್ತ ಕಡೆ ಸ್ವಲ್ಪ ಹೊತ್ತು ನೋಡಿದಳು.

"ಆರು," ಎಂದಳು. "ಮಿಕ್ಕಿದ್ದ ನಾನ್ ಬಂದ್ಮೇಲ್ ನೋಡಾನ."

ಶಿವರಾಜು ಟವೆಲನ್ನು ಕೆಳಗಿಳಿಸಿದ. ಕಣ್ಣು ಒದ್ದೆಯಾಗಿತ್ತು.

"ಫಸ್ಟ್ ಕ್ಲಾಸು ಕಣ್ಲಾ ಸ್ವಾಮಿ," ಎಂದ.